ಆನೆಗೋಸ್ಕರ ಶುರುವಾಗಿದ್ದು, ಈಟಿಗೆ ಬಂದು ನಿಂತಿದ್ದು

ಮೇಜಿನ ಮೇಲೆ ದಾಳ ಹಾಕಿ ಆಡುವ ಯುದ್ಧದ ಆಟಕ್ಕೆ ಪುಟ್ಟ ಬೊಂಬೆಗಳ ಸೆಲ್ಯೂಸಿಡ್ ಸೈನ್ಯ ಕಟ್ಟೋಣ ಅಂತ ನಾನು ಹೊರಟಿದ್ದೇ ಆನೆಗೋಸ್ಕರ. ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಸತ್ತ ಮೇಲೆ ಅವನ ಸೇನಾಪತಿಗಳು ರಾಜ್ಯಕ್ಕಾಗಿ ಕಿತ್ತಾಡಿದರಲ್ವಾ, ಅವರಲ್ಲಿ ಸೆಲ್ಯೂಕಸ್ ಅನ್ನುವವನು (ಸೆಲ್ಯೂಸಿಡ್ ಅನ್ನುವುದು ಇವನ ವಂಶದ ಹೆಸರು) ಚಂದ್ರಗುಪ್ತ ಮೌರ್ಯನಿಗೆ ಪೂರ್ವದ ಕೆಲವು ಪ್ರಾಂತ್ಯ ಬಿಟ್ಟುಕೊಟ್ಟು 500 ಆನೆ ತೆಗೆದುಕೊಂಡ ಅಂತ ಹಳೆಯ ಗ್ರೀಕ್ ಬರಹಗಾರರು ಹೇಳುತ್ತಾರೆ. ಕ್ರಿ.ಪೂ. 301ರ ಇಪ್ಸಸ್ ಯುದ್ಧದಲ್ಲಿ ಎದುರಾಳಿಯ ಕುದುರೆ ಪಡೆ ವಾಪಸ್ ಬರದ ಹಾಗೆ ಅಡ್ಡ ನಿಂತದ್ದು ಅವನ ಆನೆಗಳೇ. ಇಂಥ ಕಥೆ ಓದಿದವರು ಮೊದಲು ಏನು ಕೊಳ್ಳುತ್ತಾರೆ ಹೇಳಿ?

28 ಮಿ.ಮೀ. ಅಳತೆಯ (ಅಂದರೆ ಮನುಷ್ಯನ ಬೊಂಬೆ ಸುಮಾರು ಅಷ್ಟು ಎತ್ತರ) ಎರಡು ಆನೆ ಬಂದವು, ಒಂದೇ ವಾರದಲ್ಲಿ ಎರಡೂ ತಯಾರು. ಆನೆಗೆ ಬಣ್ಣ ಹಚ್ಚುವುದು ನಿಜಕ್ಕೂ ಸುಲಭ. ಗಾಢ ಬೂದು, ಮೇಲೆ ತೆಳ್ಳಗೆ ಕಪ್ಪು ವಾಶ್ (ಸಂದುಗಳಿಗೆ ಇಳಿಯುವ ನೀರುನೀರು ಬಣ್ಣ), ಒಣಗಿದ ಮೇಲೆ ತಿಳಿ ಬೂದಿನ ಡ್ರೈಬ್ರಶ್ (ಬಣ್ಣ ಒರೆಸಿದ ಒಣ ಬ್ರಶ್ ಮೇಲಿಂದ ಸವರುವುದು). ಚರ್ಮದ ಸುಕ್ಕೆಲ್ಲ ತಾನೇ ಎದ್ದು ಬರುತ್ತದೆ. ಕಿವಿಯ ಅಂಚಿಗೆ, ಸೊಂಡಿಲಿಗೆ ಚೂರು ಗುಲಾಬಿ ಕೊಟ್ಟರೆ ಮುಗೀತು.

ಆಮೇಲೆ ಗೊತ್ತಾಯಿತು, ಸೈನ್ಯ ಅಂದರೆ ಆನೆಯಲ್ಲ, ಈಟಿಯವರು. ಫ್ಯಾಲಾಂಕ್ಸ್, ಅಂದರೆ ಉದ್ದ ಈಟಿ ಹಿಡಿದು ಒತ್ತೊತ್ತಾಗಿ ನಿಂತ ಕಾಲಾಳುಗಳ ಸಾಲು. ಆಗಿನ ಒಂದು ತುಕಡಿ, ಸಿಂಟಗ್ಮಾ ಅನ್ನುವುದು, 16 ಸಾಲು, ಸಾಲಿಗೆ 16 ಜನ, ಒಟ್ಟು 256. ಅಷ್ಟೆಲ್ಲ ಮಾಡಲು ಯಾರಿಗಿದೆ ಪುರುಸೊತ್ತು! ನಾನು ಅದನ್ನು 24 ಬೊಂಬೆಗೆ ಇಳಿಸಿದೆ, ಆರು ಅಗಲ, ನಾಲ್ಕು ಆಳ. ಅಂಥ ಎರಡು ತುಕಡಿ.

ಸಾರಿಸ್ಸಾ ಅನ್ನುವ ಆ ಉದ್ದ ಈಟಿ ಹೆಚ್ಚುಕಡಿಮೆ ಆರು ಮೀಟರ್ ಇರುತ್ತಿತ್ತು. ನಮ್ಮ ಅಳತೆಗೆ ಇಳಿಸಿದರೆ ಸುಮಾರು 100 ಮಿ.ಮೀ. ಬೊಂಬೆಗಳ ಜೊತೆ ಬಂದ ಮೆತ್ತನೆಯ ಈಟಿಗಳು ಮುಟ್ಟಿದರೆ ಬಾಗುತ್ತಿದ್ದವು, ಹಾಗಾಗಿ ಉಕ್ಕಿನ ತಂತಿಯ ಈಟಿ ತರಿಸಿದೆ. ಆದರೆ ಬೊಂಬೆಯ ಮುಷ್ಟಿಯಲ್ಲಿ ತೂತೇ ಇಲ್ಲ. ಪುಟ್ಟ ಕೈ ಡ್ರಿಲ್ ಹಿಡಿದು ಒಂದೊಂದು ಮುಷ್ಟಿ ಕೊರೆಯಬೇಕು, ಸ್ವಲ್ಪ ಓರೆಯಾದರೆ ಬೆರಳೇ ಕಿತ್ತು ಬರುತ್ತದೆ (ಅವನದ್ದು, ಕೆಲವು ಸಲ ನನ್ನದೂ). ಮೂರು ಡ್ರಿಲ್ ಬಿಟ್ ಮುರಿದವು. ಇಷ್ಟು ಸಾಲದು ಅಂತ ಮೊದಲ ತುಕಡಿಗೆ ಈಟಿ ಅಂಟಿಸಿಬಿಟ್ಟು ಆಮೇಲೆ ಬಣ್ಣಕ್ಕೆ ಕೂತೆ. ಮುಖಕ್ಕೆ ಬ್ರಶ್ ಹೋಗಲೇ ಇಲ್ಲ, ಎಲ್ಲಿ ನೋಡಿದರೂ ತಂತಿ ಅಡ್ಡ, ಇಪ್ಪತ್ನಾಲ್ಕು ಜನರಲ್ಲಿ ಐದಾರು ಜನಕ್ಕೆ ಇವತ್ತಿಗೂ ಕಣ್ಣಿಲ್ಲ. ಈಗ ಈಟಿಗಳನ್ನು ಥರ್ಮೊಕೋಲಿಗೆ ಚುಚ್ಚಿ ಬೇರೆಯೇ ಬಣ್ಣ ಮಾಡುತ್ತೇನೆ, ಅಂಟಿಸುವುದು ಕೊನೆಗೆ.

ಹಿಂದಿನ ಎರಡು ಸಾಲಿನ ಈಟಿ ಮೇಲಕ್ಕೆ ವಾಲಿಸಿದ್ದೇನೆ. ಸುಮ್ನೆ ಚಂದಕ್ಕಲ್ಲ. ಮೊದಲ ಐದು ಸಾಲಿನ ಈಟಿಗಳು ಮುಂದೆ ಚಾಚಿಕೊಂಡಿರುತ್ತಿದ್ದವು, ಉಳಿದವರು ಮೇಲಕ್ಕೆ ಓರೆಯಾಗಿ ಹಿಡಿದು ಹಾರಿ ಬರುವ ಬಾಣ, ಭರ್ಜಿ ತಡೆಯುತ್ತಿದ್ದರು ಅಂತ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ.

ಬಣ್ಣದ ವಿಷಯಕ್ಕೆ ಬಂದರೆ, ನನಗೆ ದಾರಿ ತೋರಿಸಿದ್ದು 'ಅಲೆಕ್ಸಾಂಡರ್ ಶವಪೆಟ್ಟಿಗೆ' ಅನ್ನುವ ಕಲ್ಲಿನ ಪೆಟ್ಟಿಗೆ. 1887ರಲ್ಲಿ ಈಗಿನ ಲೆಬನಾನಿನ ಸಿಡಾನ್‌ನಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್ ಮ್ಯೂಸಿಯಮ್‌ನಲ್ಲಿದೆ. ಅದರ ಮೇಲೆ ಕೆತ್ತಿದ ಯೋಧರಲ್ಲಿ ಹಳದಿ, ನೇರಳೆ, ಕೆಂಪು, ನೀಲಿಯ ಗುರುತು ಇನ್ನೂ ಉಳಿದಿದೆ. ಬರೀ ಕಂದು, ಬಿಳಿ ಹಚ್ಚಿದ ಸೈನ್ಯ ನೋಡಿದರೆ ನನಗೆ ಬೇಜಾರಾಗುವುದು ಇದಕ್ಕೇ. ಗುರಾಣಿಗಂತೂ ಹೆಸರಿನಲ್ಲೇ ಸುಳಿವಿದೆ: ಈ ಸೈನ್ಯದ ಆಯ್ದ ಪಡೆ ಆರ್ಗಿರಾಸ್ಪಿಡೆಸ್, ಅಂದರೆ ಬೆಳ್ಳಿ ಗುರಾಣಿಯವರು. ಆದರೆ ಪೂರ್ತಿ ಬೆಳ್ಳಿ ಬಳಿದರೆ ಆಟಿಕೆಯ ಹಾಗೆ ಕಾಣುತ್ತದೆ. ಕಪ್ಪಿನ ಮೇಲೆ ಉಕ್ಕಿನ ಬಣ್ಣ, ಅದಕ್ಕೊಂದು ನೀಲಿಗಪ್ಪು ವಾಶ್, ಬೆಳಕು ಬೀಳುವ ಮೇಲಂಚಿಗೆ ಮಾತ್ರ ಬೆಳ್ಳಿ. ನಡುವೆ ಎಂಟು ಮೂಲೆಯ ನಕ್ಷತ್ರ ಕೈಯಲ್ಲೇ ಬರೆದೆ. ಒಬ್ಬನಿಗೆ ಏಳೇ ಮೂಲೆ ಬಂದಿದೆ, ಅವನು ಕೊನೆಯ ಸಾಲು.

ಇಷ್ಟಾದ ಮೇಲೆ ಆನೆಗಳು ಏನು ಮಾಡಿದವು ಕೇಳಿ. ಮೊದಲ ಆಟದಲ್ಲೇ ದಾಳ ಕೈಕೊಟ್ಟಿತು, ಒಂದು ಆನೆ ಬೆದರಿ ಹಿಂದೆ ತಿರುಗಿ ನನ್ನದೇ ಈಟಿ ಸಾಲಿಗೆ ನುಗ್ಗಿತು. ನಿಯಮ ಬರೆದವರ ಮೇಲೆ ಸಿಟ್ಟು ಬಂತು. ಆದರೆ ಕ್ರಿ.ಪೂ. 190ರಲ್ಲಿ ಮ್ಯಾಗ್ನೀಶಿಯಾದಲ್ಲಿ ರೋಮನರ ಎದುರು ಸೆಲ್ಯೂಸಿಡ್ ರಾಜ ಮೂರನೇ ಆಂಟಿಯೋಕಸ್‌ಗೆ ಆಗಿದ್ದೂ ಇದೇ ಅಲ್ವಾ? ಈಟಿ ಪಡೆಯ ಸಂದುಗಳಲ್ಲಿ ಆನೆ ನಿಲ್ಲಿಸಿದ್ದ, ಅವು ಬೆದರಿದ ಮೇಲೆ ಸಾಲುಗಳೇ ಒಡೆದುಹೋದವು. ಅದಕ್ಕೂ ಮೊದಲು, ಕ್ರಿ.ಪೂ. 217ರಲ್ಲಿ, ರಾಫಿಯಾದಲ್ಲಿ ಇದೇ ರಾಜನ ಹತ್ತಿರ 102 ಆನೆ, ಎದುರಿಗಿದ್ದ ಈಜಿಪ್ಟಿನ ರಾಜ ನಾಲ್ಕನೇ ಟಾಲೆಮಿಯ ಹತ್ತಿರ 73. ಆನೆ ಕಾಳಗದಲ್ಲಿ ಟಾಲೆಮಿ ಸೋತ, ಯುದ್ಧ ಗೆದ್ದ. ಗೆಲ್ಲಿಸಿದ್ದು ಅವನ ಫ್ಯಾಲಾಂಕ್ಸ್.

ಹಾಗಾಗಿ ಮೂರನೇ ಆನೆಗೆ ಎತ್ತಿಟ್ಟ ದುಡ್ಡು ಮೂರನೇ ತುಕಡಿಗೆ ಹೋಯಿತು. ಇಪ್ಪತ್ನಾಲ್ಕು ಜನ ಪ್ರೈಮರ್ ಹಚ್ಚಿಸಿಕೊಂಡು ಮೇಜಿನ ಮೇಲೆ ನಿಂತಿದ್ದಾರೆ. ಇವತ್ತು ರಾತ್ರಿ ಚಪ್ಪಲಿ ಪಟ್ಟಿಯ ಕೆಲಸ, ನಲವತ್ತೆಂಟು ಕಾಲು.