ಜಾಗತೀಕರಣದ ಪರವೋ, ವಿರೋಧವೋ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಅರ್ಥಶಾಸ್ತ್ರದ ಬಗ್ಗೆ ಬರೆಯುವವರಿಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ನೀವು ಜಾಗತೀಕರಣದ ಪರವೋ, ವಿರೋಧವೋ? ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟು. ದೇಶ ದೇಶಗಳ ನಡುವೆ ವ್ಯಾಪಾರ ನಡೆಯಬೇಕು, ಇನ್ನೂ ಹೆಚ್ಚಾಗಿ ನಡೆಯಬೇಕು; ಆದರೆ ಅದರಿಂದ ಕೆಲವರಿಗೆ ಆಗುವ ನಷ್ಟವನ್ನು ಯಾರು ಭರಿಸಬೇಕು ಎಂಬುದನ್ನು ಮೊದಲೇ ಕರಾರಿನಲ್ಲಿ ಬರೆಯದೆ ನಡೆಸುವ ವ್ಯಾಪಾರವನ್ನು ನಾನು ಒಪ್ಪುವುದಿಲ್ಲ. ಇದು ಎರಡೂ ಕಡೆಯವರಿಂದ ತಪ್ಪಿಸಿಕೊಳ್ಳುವ ಉತ್ತರವೆಂದು ಕೆಲವರಿಗೆ ತೋರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮುಕ್ತ ವ್ಯಾಪಾರದ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಮುಂದಿಟ್ಟ ಲೆಕ್ಕವೇ ಇಂದಿಗೂ ಅದರ ಬುನಾದಿ. ಒಂದು ಗೊತ್ತಾದ ಪ್ರಮಾಣದ ಬಟ್ಟೆಗೆ ಇಂಗ್ಲೆಂಡಿನಲ್ಲಿ 100 ಜನರ ಒಂದು ವರ್ಷದ ದುಡಿಮೆ ಬೇಕು, ವೈನಿಗೆ 120 ಜನರದು. ಪೋರ್ಚುಗಲ್ಲಿನಲ್ಲಾದರೆ ಬಟ್ಟೆಗೆ 90, ವೈನಿಗೆ 80 ಜನರೇ ಸಾಕು ಎಂದು ರಿಕಾರ್ಡೊ ಇಟ್ಟುಕೊಂಡರು. ಎರಡರಲ್ಲೂ ಪೋರ್ಚುಗಲ್ಲಿನದೇ ಮೇಲುಗೈ. ಆದರೂ ಪೋರ್ಚುಗಲ್ ವೈನನ್ನು ಮಾತ್ರ, ಇಂಗ್ಲೆಂಡ್ ಬಟ್ಟೆಯನ್ನು ಮಾತ್ರ ತಯಾರಿಸಿ ಪರಸ್ಪರ ಬದಲಾಯಿಸಿಕೊಂಡರೆ ಇಂಗ್ಲೆಂಡಿಗೆ 20 ಜನರ, ಪೋರ್ಚುಗಲ್ಲಿಗೆ 10 ಜನರ ದುಡಿಮೆ ಉಳಿಯುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಲೆಕ್ಕ ನೋಡುವುದು ದೇಶವನ್ನು. ಅದರೊಳಗಿನ ಮನುಷ್ಯ ಅದಕ್ಕೆ ಕಾಣುವುದಿಲ್ಲ. ಪೋರ್ಚುಗಲ್ಲಿನ ನೇಕಾರ ಮಗ್ಗ ಬಿಟ್ಟವನು ಅಷ್ಟೇ ಕುಶಲತೆಯಿಂದ ದ್ರಾಕ್ಷಿ ತೋಟದಲ್ಲಿ ದುಡಿಯತೊಡಗುತ್ತಾನೆ, ನಡುವೆ ಅವನ ಸಾಲವಾಗಲಿ ಸಂಸಾರವಾಗಲಿ ಅಡ್ಡ ಬರುವುದಿಲ್ಲ ಎಂದು ಅದು ನಂಬಿಕೊಂಡಿದೆ. ಬಂಡವಾಳದ ಒಡೆಯರು ತಾಯ್ನಾಡನ್ನು ಬಿಟ್ಟು ಪರದೇಶದಲ್ಲಿ ಹಣ ಹೂಡಲು ಹಿಂಜರಿಯುತ್ತಾರೆ ಎಂಬುದನ್ನೂ ರಿಕಾರ್ಡೊ ಆಧಾರವಾಗಿ ಇಟ್ಟುಕೊಂಡಿದ್ದರು. ಇಂದು ಗಡಿ ದಾಟುವುದು ಹಣಕ್ಕೆ ಅತಿ ಸುಲಭ, ದುಡಿಯುವವರಿಗೆ ಅತಿ ಕಷ್ಟ.

ಲಾಭ ನಿಜ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ವಿಶ್ವಬ್ಯಾಂಕಿನ ಅಂದಿನ ಮಾನದಂಡದ ಪ್ರಕಾರ 1990ರಲ್ಲಿ ಜಗತ್ತಿನ ಶೇ 36ರಷ್ಟು ಜನ ಕಡುಬಡತನದಲ್ಲಿದ್ದರು. 2015ರ ಹೊತ್ತಿಗೆ ಅದು ಶೇ 10ಕ್ಕೆ ಇಳಿದಿತ್ತು. ಚೀನಾದ ಪಾಲು ಇದರಲ್ಲಿ ಬಹಳ ದೊಡ್ಡದು, ಅದರ ಹಿಂದೆ ಅಲ್ಲಿನ ಕೃಷಿ ಸುಧಾರಣೆಯೂ ಇದೆ. ಆದರೂ ರಫ್ತಿನ ಬಾಗಿಲು ತೆರೆಯದಿದ್ದರೆ ಇಷ್ಟು ಬೇಗ ಇಷ್ಟು ಜನ ಮೇಲೆ ಬರುತ್ತಿರಲಿಲ್ಲ. ಜಾಗತೀಕರಣವನ್ನು ಸಾರಾಸಗಟಾಗಿ ಬೈಯುವವರು ಈ ಕೋಟ್ಯಂತರ ಕುಟುಂಬಗಳನ್ನು ಮರೆತೇ ಮಾತನಾಡುತ್ತಾರೆ.

ಲಾಭ ಮತ್ತು ನಷ್ಟ ಹೇಗೆ ಹಂಚಿಹೋಗುತ್ತವೆ ಎಂಬುದನ್ನು ನೋಡಲು ಹಡಗಿನ ಕಂಟೇನರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ 58 ಕಂಟೇನರುಗಳನ್ನು ಹೊತ್ತು ಹೊರಟಿತು. ಅದುವರೆಗೆ ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಕಾರ್ಮಿಕರ ತಂಡಗಳು ಒಂದೊಂದಾಗಿ ಹಡಗಿನ ಹೊಟ್ಟೆಗೆ ಇಳಿಸಿ ಜೋಡಿಸಬೇಕಿತ್ತು. ಅದಕ್ಕೆ ಟನ್ನಿಗೆ 6 ಡಾಲರಿನ ಹತ್ತಿರ ಖರ್ಚಾಗುತ್ತಿತ್ತು. ಸರಕನ್ನು ಮೊದಲೇ ದೊಡ್ಡ ಲೋಹದ ಪೆಟ್ಟಿಗೆಯಲ್ಲಿ, ಅಂದರೆ ಕಂಟೇನರಿನಲ್ಲಿ, ತುಂಬಿ ಕ್ರೇನಿನಿಂದ ಇಡಿಯಾಗಿ ಹಡಗಿಗೆ ಏರಿಸುವ ಹೊಸ ಪದ್ಧತಿಯಲ್ಲಿ ಅದು 16 ಸೆಂಟಿನ ಆಸುಪಾಸಿಗೆ ಬಂತೆಂದು ಹಡಗಿನ ಮಾಲೀಕ ಮಾಲ್ಕಮ್ ಮೆಕ್ಲೀನ್ ಲೆಕ್ಕ ಹಾಕಿದರು. ಈ ಉಳಿತಾಯ ಜಗತ್ತಿನ ಪ್ರತಿಯೊಬ್ಬ ಗ್ರಾಹಕನಿಗೂ ಒಂದಿಷ್ಟು ತಲುಪಿದೆ. ಆದರೆ ಅವನಿಗೆ ಅದು ತಲುಪಿದ್ದೇ ಗೊತ್ತಾಗಿಲ್ಲ. ನಷ್ಟ ಬಿದ್ದದ್ದು ಬಂದರಿನ ಕೂಲಿಯನ್ನೇ ನಂಬಿದ್ದ ಮನೆಗಳ ಮೇಲೆ, ಅವರ ಇಡೀ ಬದುಕಿನ ಮೇಲೆ.

ಇದೇ ಕಥೆಯಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಭಾಗವಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ಸಂಘ, ಹ್ಯಾರಿ ಬ್ರಿಜಸ್ ನೇತೃತ್ವದಲ್ಲಿ, 1960ರಲ್ಲಿ ಹಡಗು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಯಂತ್ರಗಳನ್ನು ತರಲು ಸಂಘ ಅಡ್ಡಿ ಮಾಡುವುದಿಲ್ಲ. ಪ್ರತಿಯಾಗಿ ಕಂಪನಿಗಳು ವರ್ಷಕ್ಕೆ 50 ಲಕ್ಷ ಡಾಲರನ್ನು ನಿಧಿಗೆ ಕಟ್ಟಬೇಕು, ನೋಂದಾಯಿತ ಕಾಯಂ ಕಾರ್ಮಿಕರನ್ನು ಕೆಲಸದಿಂದ ತೆಗೆಯಬಾರದು, ಬೇಗ ನಿವೃತ್ತರಾಗಲು ಬಯಸುವವರಿಗೆ ಹಣ ಕೊಡಬೇಕು. ಕಾಯಂ ಅಲ್ಲದವರನ್ನು ಅದು ಹೊರಗಿಟ್ಟಿತು ಎಂಬ ಟೀಕೆ ನ್ಯಾಯವಾದದ್ದೇ. ಆದರೂ ನನಗೆ ಇದು ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಯಂತ್ರ ನಿಲ್ಲಲಿಲ್ಲ, ವ್ಯಾಪಾರ ನಿಲ್ಲಲಿಲ್ಲ, ಅದರ ಬೆಲೆಯ ಒಂದು ಪಾಲನ್ನು ಲಾಭ ಪಡೆದವರೇ ಕಟ್ಟಿದರು.

ಅರ್ಥಶಾಸ್ತ್ರ ಸಾಮಾನ್ಯವಾಗಿ ಇಷ್ಟನ್ನು ಕೇಳುವುದಿಲ್ಲ. ಅರ್ಥಶಾಸ್ತ್ರಜ್ಞರಾದ ನಿಕೋಲಸ್ ಕಾಲ್ಡೋರ್ ಮತ್ತು ಜಾನ್ ಹಿಕ್ಸ್ 1939ರಲ್ಲಿ ಮಂಡಿಸಿದ ಮಾನದಂಡದ ಪ್ರಕಾರ, ಗೆದ್ದವರು ಸೋತವರಿಗೆ ಪರಿಹಾರ ಕೊಟ್ಟೂ ಲಾಭದಲ್ಲಿ ಉಳಿಯುವಂತಿದ್ದರೆ ಆ ಬದಲಾವಣೆಯನ್ನು ಒಳಿತೆಂದು ಎಣಿಸಬಹುದು. ಪರಿಹಾರವನ್ನು ನಿಜವಾಗಿಯೂ ಕೊಡಲೇಬೇಕೆಂದಿಲ್ಲ. ಕಾಗದದ ಮೇಲೆ ಸರಿಹೋಗುವ ಈ ಸೂತ್ರ ನೆಲದ ಮೇಲೆ ಏನಾಗುತ್ತದೆ ಎಂಬುದು 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿದ ಮೇಲೆ ಅಮೆರಿಕದಲ್ಲಿ ಕಂಡಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೀನಾದ ಸರಕಿನ ಪೈಪೋಟಿಗೆ ಸಿಕ್ಕ ಪ್ರದೇಶಗಳಲ್ಲಿ ನಿರುದ್ಯೋಗ ಹೆಚ್ಚಿತ್ತು. ಕೆಲಸ ಹೋದವರು ಸಿದ್ಧಾಂತ ಹೇಳುವಂತೆ ಬೇರೆ ಊರಿಗೆ, ಬೇರೆ ಕಸುಬಿಗೆ ಸರಾಗವಾಗಿ ಹೋಗಿರಲಿಲ್ಲ. ಆಮದಿನಿಂದ ಕೆಲಸ ಕಳೆದುಕೊಂಡವರಿಗಾಗಿಯೇ 1962ರಿಂದ ಒಂದು ನೆರವಿನ ಯೋಜನೆ ಅಲ್ಲಿತ್ತು. ಆದರೆ ಈ ಪ್ರದೇಶಗಳಲ್ಲಿ ಆ ನೆರವು ಹೆಚ್ಚಿದ್ದಕ್ಕಿಂತ ಎಷ್ಟೋ ಪಟ್ಟು ಅಂಗವೈಕಲ್ಯ ಭತ್ಯೆ ಹೆಚ್ಚಿತು. ಕೆಲಸ ಹೋದ ಬಹಳಷ್ಟು ಜನ ಹೊಸ ಕೆಲಸ ಕಲಿಯುವ ದಾರಿ ಕಾಣದೆ ದುಡಿಮೆಯಿಂದಲೇ ಹೊರಗುಳಿದರು ಎಂದೇ ನಾನು ಇದನ್ನು ಓದುತ್ತೇನೆ.

ಸರಕು ತಯಾರಿಸುವ ಬಡ ದೇಶದ ಕಡೆಗೂ ನೋಡೋಣ, ಅಲ್ಲಿ ನಷ್ಟಕ್ಕೆ ಇನ್ನೂ ಭೀಕರ ರೂಪವಿರಬಹುದು. 2013ರ ಏಪ್ರಿಲ್ 23ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಬಿರುಕು ಬಿಟ್ಟಿತು. ಅದರಲ್ಲಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಅಂತಸ್ತುಗಳ ಗಾರ್ಮೆಂಟ್ಸ್ ಕೆಲಸಗಾರರಿಗೆ ಮಾತ್ರ ಮರುದಿನ ಕೆಲಸಕ್ಕೆ ಬರಲೇಬೇಕೆಂಬ ಆದೇಶವಾಯಿತು. ಬೆಳಿಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ವಿದೇಶಿ ಬ್ರ್ಯಾಂಡುಗಳು ಸ್ವಂತ ಇಚ್ಛೆಯಿಂದ ಬರೆದುಕೊಂಡ ನೀತಿ ಸಂಹಿತೆಗಳು ಅದಕ್ಕೂ ಮೊದಲೇ ಇದ್ದವು, ತಪಾಸಣೆಗಳೂ ನಡೆಯುತ್ತಿದ್ದವು. ಅವುಗಳನ್ನು ಮುರಿದವರು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಮುಂದಿನ ತಿಂಗಳು ಕಾರ್ಮಿಕ ಸಂಘಗಳು ಮತ್ತು ಬ್ರ್ಯಾಂಡುಗಳು ಸಹಿ ಹಾಕಿದ ಒಪ್ಪಂದ ಬೇರೆಯದೇ ಬಗೆಯದು, ಏಕೆಂದರೆ ಅದು ಕಾನೂನಿನ ಬಲವಿದ್ದ ಒಪ್ಪಂದ. ಅದರ ಅಡಿಯಲ್ಲಿ 1,600ಕ್ಕೂ ಹೆಚ್ಚು ಕಾರ್ಖಾನೆಗಳ ತಪಾಸಣೆಯಾಯಿತು. ದುರಸ್ತಿಯ ವಿಷಯದಲ್ಲಿ ಮಾತಿಗೆ ತಪ್ಪಿದ ಆರೋಪ ಹೊತ್ತ ಒಂದು ಬ್ರ್ಯಾಂಡ್ 2018ರಲ್ಲಿ 23 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು.

ಇಷ್ಟು ಹೇಳಿದ ಮೇಲೆ ಬರುವ ಮರುಪ್ರಶ್ನೆಯೂ ನನಗೆ ಪರಿಚಿತವೇ: ಇಂಥ ಷರತ್ತುಗಳನ್ನು ಹೇರಿದರೆ ಬೆಲೆ ಏರುವುದಿಲ್ಲವೇ, ಆರ್ಡರುಗಳು ಬೇರೆ ದೇಶಕ್ಕೆ ಹೋಗಿ ಬಡ ಕೆಲಸಗಾರರೇ ಬೀದಿಗೆ ಬೀಳುವುದಿಲ್ಲವೇ? ಬೆಲೆ ಸ್ವಲ್ಪ ಏರಬಹುದು. ಆದರೆ ಅಂಗಡಿಯಲ್ಲಿ ನಾವು ಕೊಡುವ ಬೆಲೆಯಲ್ಲಿ ಹೊಲಿದವರ ಕೂಲಿಯ ಪಾಲು ತೀರಾ ಚಿಕ್ಕದಾಗಿರುವುದರಿಂದ ಆ ಏರಿಕೆಯೂ ಚಿಕ್ಕದೇ. ಆರ್ಡರಿನ ಮಾತಿಗೆ ಬಾಂಗ್ಲಾದೇಶವೇ ಉತ್ತರ ಕೊಟ್ಟಿದೆ. ಗಾರ್ಮೆಂಟ್ಸ್ ಕೆಲಸಗಾರರ ಕನಿಷ್ಠ ವೇತನವನ್ನು ಅಲ್ಲಿ 2013ರ ಕೊನೆಯಲ್ಲಿ ತಿಂಗಳಿಗೆ 3,000 ಟಾಕಾದಿಂದ 5,300ಕ್ಕೆ ಏರಿಸಿದರು. ಅದು ಬದುಕಿಗೆ ಸಾಲುವ ಮೊತ್ತವಾಗಿರಲಿಲ್ಲ, ಆದರೂ ಒಮ್ಮೆಲೇ ಮುಕ್ಕಾಲು ಪಾಲಿನಷ್ಟು ಏರಿಕೆ. 2012–13ರಲ್ಲಿ 2,150 ಕೋಟಿ ಡಾಲರಿನಷ್ಟಿದ್ದ ಆ ದೇಶದ ಸಿದ್ಧ ಉಡುಪಿನ ರಫ್ತು 2018–19ರಲ್ಲಿ 3,400 ಕೋಟಿ ಡಾಲರ್ ದಾಟಿತ್ತು. ಈ ಬೆಳವಣಿಗೆಗೆ ವೇತನವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಕೂಲಿಯನ್ನೂ ಸುರಕ್ಷತೆಯನ್ನೂ ಹೆಚ್ಚಿಸಿದರೆ ವ್ಯಾಪಾರವೇ ಕೈತಪ್ಪುತ್ತದೆ ಎಂಬ ಮಾತಿಗೆ ಆ ವರ್ಷಗಳ ಅಂಕಿ ಅಂಶಗಳಲ್ಲಿ ಆಧಾರವಿಲ್ಲ.