ಹೈಸ್ಕೂಲ್ ಮಕ್ಕಳಿಗೆ ಯಾವ ಸೈನ್ಸ್ ಫಿಕ್ಷನ್ ಕೊಡ್ಲಿ ಅಂತ ಕೇಳೋರಿಗೆ

ತೀರ್ಥಹಳ್ಳಿ ಕಡೆ ನನ್ನ ಹತ್ರ ಪುಸ್ತಕ ಇರುತ್ತೆ ಅಂತ ಗೊತ್ತಿರೋರೆಲ್ಲ ಕೇಳೋದು ಇದನ್ನೇ. ಮಗಳು ಎಂಟನೇ ಕ್ಲಾಸು, ಮಗ ಒಂಬತ್ತು, ಮೊಬೈಲ್ ಬಿಟ್ಟು ತಲೆ ಎತ್ತಲ್ಲ, ಸ್ಪೇಸು ರೋಬೋಟು ಅಂದ್ರೆ ಮಾತ್ರ ಸ್ವಲ್ಪ ಆಸೆ, ಒಂದು ಒಳ್ಳೆ ಸೈನ್ಸ್ ಫಿಕ್ಷನ್ ಕಾದಂಬರಿ ಹೇಳಿ ಅಂತ. ಪಟ್ಟಿ ಬೇಡ, ಒಂದೇ ಹೇಳಿ ಅಂತಾರೆ. ಸರಿ, ಒಂದೇ ಹೇಳ್ತೀನಿ, ಲೋಯಿಸ್ ಲೌರಿ ಬರೆದಿರೋ ‘ದಿ ಗಿವರ್’. ಅಮೆರಿಕದಲ್ಲಿ 1993ರಲ್ಲಿ ಬಂದಿದ್ದು, 1994ರಲ್ಲಿ ಅದಕ್ಕೆ ನ್ಯೂಬೆರಿ ಮೆಡಲ್ ಸಿಕ್ತು, ಅಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡೋ ದೊಡ್ಡ ಪ್ರಶಸ್ತಿ ಅದು.

ಮೊದ್ಲೇ ಹೇಳಿಬಿಡ್ತೀನಿ, ಇದ್ರಲ್ಲಿ ರಾಕೆಟ್ಟೂ ಇಲ್ಲ, ಏಲಿಯನ್ನೂ ಇಲ್ಲ. ಇರೋದು ಒಂದು ಊರು. ಅಲ್ಲಿ ಹಸಿವಿಲ್ಲ, ಜಗಳ ಇಲ್ಲ, ಯಾರೂ ಬಡವರಲ್ಲ. ಪ್ರತಿ ಮನೆಗೂ ಒಬ್ಬ ಗಂಡು ಮಗು ಒಂದು ಹೆಣ್ಣು ಮಗು, ಅದನ್ನೂ ಅರ್ಜಿ ಹಾಕಿ ತಗೋಬೇಕು, ಒಂಬತ್ತಕ್ಕೆ ಸೈಕಲ್, ಹನ್ನೆರಡಕ್ಕೆ ನೀನು ಜೀವನಪೂರ್ತಿ ಮಾಡೋ ಕೆಲಸ ಇದು ಅಂತ ಹಿರಿಯರೇ ತೀರ್ಮಾನ ಮಾಡಿ ಎಲ್ಲರ ಮುಂದೆ ಹೇಳಿಬಿಡ್ತಾರೆ. ಪಿಯುಸಿಗೆ ಸೈನ್ಸಾ ಕಾಮರ್ಸಾ ಅಂತ ಮನೇಲಿ ದಿನಾ ಗಲಾಟೆ ಕೇಳ್ತಿರೋ ನಮ್ ಮಕ್ಕಳಿಗೆ ಈ ಭಾಗ ತಕ್ಷಣ ತಟ್ಟುತ್ತೆ, ಕೆಲವರಂತೂ ಆ ಊರೇ ವಾಸಿ ಅಂತಾರೆ, ಅನ್ನಲಿ ಬಿಡಿ, ಹಾಗೆ ಅನ್ನಿಸಬೇಕು ಅಂತ್ಲೇ ಲೇಖಕಿ ಬರೆದಿರೋದು.

ಜೋನಸ್ ಅನ್ನೋ ಹುಡುಗನಿಗೆ ಸಿಗೋ ಕೆಲಸ ವಿಚಿತ್ರದ್ದು. ಆ ಊರಿನೋರಿಗೆ ಹಿಂದಿನ ಕಾಲದ ನೆನಪೇ ಇಲ್ಲ, ಯುದ್ಧ, ಹಸಿವು, ಸಾವು, ಪ್ರೀತಿ ಯಾವ್ದೂ ಗೊತ್ತಿಲ್ಲ. ಎಲ್ಲಾ ನೆನಪನ್ನೂ ಒಬ್ಬ ಮುದುಕ ಹೊತ್ಕೊಂಡಿದ್ದಾನೆ, ಅವನ ನಂತರ ಅದನ್ನ ಹೊರಬೇಕಾದವನು ಈ ಹುಡುಗ. ಕೆಲಸದ ಜೊತೆ ಅವನಿಗೊಂದು ಹಾಳೆ ಕೊಡ್ತಾರೆ, ಅದ್ರಲ್ಲಿ ನಿಯಮಗಳು. ಕೊನೇ ನಿಯಮ ಏನು ಗೊತ್ತಾ, ನೀನು ಸುಳ್ಳು ಹೇಳಬಹುದು ಅಂತ. ಸುಳ್ಳೇ ಗೊತ್ತಿಲ್ಲದ ಊರಲ್ಲಿ ಬೆಳೆದ ಹುಡುಗ ಅದನ್ನ ಓದಿ ಯೋಚನೆ ಮಾಡ್ತಾನೆ, ದೊಡ್ಡೋರ ಹಾಳೆಯಲ್ಲೂ ಇದೇ ಸಾಲು ಇದ್ದಿದ್ರೆ? ಹದಿಮೂರು ವರ್ಷದ ಮಕ್ಕಳು ಇಲ್ಲಿಗೆ ಬಂದ್ಮೇಲೆ ಪುಸ್ತಕ ಕೆಳಗಿಡಲ್ಲ.

ನಮ್ಮ ಮಲೆನಾಡಿನ ಮಕ್ಕಳಿಗೆ ಇದನ್ನೇ ಕೊಡಿ ಅಂತ ನಾನು ಇಷ್ಟು ಒತ್ತಿ ಹೇಳೋಕೆ ಕಾರಣ ಬೇರೇನೇ ಇದೆ. ಆ ಊರಲ್ಲಿ ಗುಡ್ಡ ಇಲ್ಲ, ಮಳೆ ಹಿಮದ ಕಾಟ ಇಲ್ಲ, ಹವಾಮಾನಾನೇ ಕಂಟ್ರೋಲ್ ಮಾಡಿದ್ದಾರೆ. ಯಾಕೆ ಹೀಗೆ ಅಂತ ಹುಡುಗ ಕೇಳಿದ್ರೆ ಮುದುಕ ಹೇಳೋದು ಇಷ್ಟೇ, ಹಿಮದಲ್ಲಿ ಬೆಳೆ ಬೆಳೆಯೋದು ಕಷ್ಟ ಆಗ್ತಿತ್ತು, ಗುಡ್ಡಗಳಿಂದ ಲಾರಿ ಬಸ್ಸು ಓಡಾಡೋಕೆ ತೊಂದ್ರೆ ಆಗ್ತಿತ್ತು ಅಂತ. ಇದನ್ನ ಬಯಲುಸೀಮೆ ಮಗು ಓದೋದಕ್ಕೂ ಆಗುಂಬೆ ಹತ್ರದ ಮಗು ಓದೋದಕ್ಕೂ ತುಂಬಾ ವ್ಯತ್ಯಾಸ ಇದೆ ಕಣ್ರೀ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳೋ ಜಾಗ ನಮ್ದು, ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ದೊಡ್ಡ ಗಾಡಿ ಬಂದ್ ಮಾಡ್ತಾರೆ, ಡೀಸಿ ರಜೆ ಕೊಟ್ರಾ ಅಂತ ಬೆಳಿಗ್ಗೆ ಎದ್ದು ವಾಟ್ಸಾಪ್ ನೋಡ್ತಾರೆ ಮಕ್ಕಳು, ಅಪ್ಪ ಮಳೆ ಬಿಡುವು ಕೊಟ್ರೆ ಸಾಕು ಅಡಿಕೆಗೆ ಬೋರ್ಡೋ ಔಷಧಿ ಹೊಡಿಬೇಕು ಅಂತ ಕಾಯ್ತಿರ್ತಾರೆ, ಆಮೇಲೂ ಕೊಳೆ ರೋಗ ಬಂದು ಅಡಿಕೆ ಉದುರುತ್ತೆ. ಮಳೇನ ಒಂದು ಬಟನ್ ಒತ್ತಿ ನಿಲ್ಲಿಸೋ ಹಾಗಿದ್ರೆ ನಿಲ್ಲಿಸ್ತೀಯಾ ಅಂತ ಈ ಮಗುನ ಕೇಳಿ ನೋಡಿ. ಸುಲಭಕ್ಕೆ ಇಲ್ಲ ಅನ್ನಲ್ಲ, ಯಾಕಂದ್ರೆ ಮಳೆಯ ನಷ್ಟ ಏನು ಅಂತ ಮನೆಯಲ್ಲೇ ನೋಡಿದೆ. ಸುಲಭಕ್ಕೆ ಹೂಂ ಅಂತಾನೂ ಅನ್ನಲ್ಲ. ಆ ಎರಡರ ಮಧ್ಯೆ ಸಿಕ್ಕಿಹಾಕ್ಕೊಂಡು ಓದಬೇಕು ಈ ಪುಸ್ತಕಾನ.

ಸಾಗರ, ಹೊಸನಗರ ಕಡೆ ಮಕ್ಕಳಾದ್ರೆ ಇನ್ನೊಂದು ಮಾತೂ ಇದೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಯ್ತು, ರಾಜ್ಯಕ್ಕೆಲ್ಲ ಕರೆಂಟು ಬಂತು, ಊರು ಮುಳುಗಿದ್ದು ಶರಾವತಿ ಕಣಿವೆಯವರದ್ದು. ಹಿನ್ನೀರಿನ ಆಚೆ ತುಮರಿ ಕಡೆಯವರು 2025ರಲ್ಲಿ ಸೇತುವೆ ಆಗೋವರೆಗೂ ಲಾಂಚ್ ಕಾದು ಕೂತವರು. ಎಲ್ಲರ ಸುಖಕ್ಕೆ ಕಷ್ಟಾನ ಕೆಲವರ ತಲೆ ಮೇಲೆ ಇಡೋದು, ಉಳಿದವರು ಅದನ್ನ ಮರೆತುಬಿಡೋದು, ‘ದಿ ಗಿವರ್’ ಕೇಳೋದು ಇದನ್ನೇ. ಅಜ್ಜನ ಹತ್ರ ಮುಳುಗಿದ ಮನೆ ಕಥೆ ಕೇಳಿರೋ ಮಗುಗೆ ನಾವು ಏನೂ ವಿವರಿಸೋದು ಬೇಕಾಗಲ್ಲ.

ಲೌರಿಗೆ ಈ ಯೋಚನೆ ಬಂದಿದ್ದೂ ಮನೆಯಿಂದಾನೇ. ಅವರ ತಂದೆಗೆ ವಯಸ್ಸಾಗಿ ಮರೆವು ಶುರುವಾಗಿತ್ತು, ಲೌರಿಯ ಅಕ್ಕ ಚಿಕ್ಕ ವಯಸ್ಸಲ್ಲೇ ಕ್ಯಾನ್ಸರ್ ಆಗಿ ತೀರಿಹೋಗಿದ್ರು, ಫೋಟೋ ನೋಡಿ ತಂದೆಗೆ ಮಗಳ ಗುರುತು ಸಿಗ್ತಿತ್ತು, ತೀರಿಕೊಂಡಿದ್ದು ಮಾತ್ರ ನೆನಪಿರಲಿಲ್ಲ. ನೋವಿನ ನೆನಪು ಹೋದ್ರೆ ಮನುಷ್ಯ ಆರಾಮಾಗಿರ್ತಾನಾ ಅನ್ನೋ ಪ್ರಶ್ನೆ ಅಲ್ಲಿಂದ ಹುಟ್ಟಿದ್ದು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಒಟ್ಟು 23 ಅಧ್ಯಾಯ, ಎಲ್ಲಾ ಚಿಕ್ಕ ಚಿಕ್ಕವು, ಹತ್ತೊಂಬತ್ತನೇದನ್ನ ಮಾತ್ರ ನೀವು ಮೊದ್ಲೇ ಓದಿಟ್ಕೊಳ್ಳಿ. ಆ ಊರಲ್ಲಿ ಮುದುಕರನ್ನ, ಬೆಳವಣಿಗೆ ಸರಿ ಇಲ್ಲದ ಕೂಸುಗಳನ್ನ ‘ಬಿಡುಗಡೆ’ ಮಾಡ್ತಾರೆ, ಅದು ಏನು ಅಂತ ಅಲ್ಲಿ ತಿಳಿಯುತ್ತೆ, ದೊಡ್ಡವರಿಗೂ ಸಂಕಟ ಆಗುತ್ತೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ ಎಷ್ಟೋ ಶಾಲೆಗಳಲ್ಲಿ ಈ ಪುಸ್ತಕ ತೆಗೀರಿ ಅಂತ ಪೋಷಕರು ದೂರು ಕೊಟ್ಟಿದ್ದಾರೆ. ನನ್ನ ಪ್ರಕಾರ ತೆಗೀಬೇಕಾಗಿಲ್ಲ, ಏಳನೇ ಕ್ಲಾಸಿಗಿಂತ ಮುಂಚೆ ಕೊಡಬೇಡಿ, ಓದಿದ ರಾತ್ರಿ ಮಗು ಮಾತಾಡೋಕೆ ಬಂದ್ರೆ ಟಿವಿ ಆಫ್ ಮಾಡಿ ಕೂತ್ಕೊಳ್ಳಿ, ಅಷ್ಟೇ.

2014ರಲ್ಲಿ ಸಿನಿಮಾನೂ ಬಂದಿದೆ, ದಯವಿಟ್ಟು ಅದನ್ನ ಮೊದ್ಲು ತೋರಿಸಬೇಡಿ. ಪುಸ್ತಕದಲ್ಲಿ ಒಂದು ಸೇಬು ಬರುತ್ತೆ, ಹುಡುಗ ಅದನ್ನ ಗಾಳೀಲಿ ಎಸೆದು ಹಿಡಿಯುವಾಗ ಏನೋ ಒಂದು ಬದಲಾಗುತ್ತೆ, ಏನು ಅಂತ ಅವನಿಗೂ ಗೊತ್ತಾಗಲ್ಲ ನಮಗೂ ಗೊತ್ತಾಗಲ್ಲ, ಎಷ್ಟೋ ಪುಟ ಆದ್ಮೇಲೆ ಗೊತ್ತಾಗೋದು. ಸಿನಿಮಾ ಆ ಗುಟ್ಟನ್ನ ಮೊದಲ ನಿಮಿಷದಲ್ಲೇ ಬಿಟ್ಟುಕೊಡುತ್ತೆ. ಹುಡುಗನ ವಯಸ್ಸೂ ಜಾಸ್ತಿ ಮಾಡಿದ್ದಾರೆ.

ಕನ್ನಡ ಮೀಡಿಯಂ ಮಕ್ಕಳ ಕಥೆ ಏನು ಅಂತ ಕೇಳ್ತಾರೆ. ಇಂಗ್ಲಿಷ್ ತುಂಬಾ ಸರಳ ಇದೆ, ಒಂಬತ್ತನೇ ಕ್ಲಾಸಿನ ಮಗು ಡಿಕ್ಷನರಿ ಪಕ್ಕದಲ್ಲಿಟ್ಕೊಂಡು ಓದಬಹುದು, ಇಲ್ಲಾಂದ್ರೆ ನೀವು ರಾತ್ರಿ ಒಂದೊಂದು ಅಧ್ಯಾಯ ಓದಿ ಕನ್ನಡದಲ್ಲಿ ಹೇಳಿ, ಜಡಿಮಳೆಗೆ ಕರೆಂಟು ಹೋದ ದಿನಗಳು ನಮಗೆ ಬೇಕಾದಷ್ಟಿವೆ. ಕನ್ನಡದಲ್ಲೇ ಬೇಕು ಅಂದ್ರೆ ತೇಜಸ್ವಿಯವರ ‘ಕರ್ವಾಲೊ’ ಕೊಡಿ, 1980ರದ್ದು. ಅದು ನೇರ ಸೈನ್ಸ್ ಫಿಕ್ಷನ್ ಅಲ್ಲ, ಆದ್ರೆ ಒಂದು ಹಾರುವ ಓತಿಯ ಹಿಂದೆ ಕಾಡಿಗೆ ನುಗ್ಗಿದವರ ಜೊತೆ ಮಗುನೂ ನುಗ್ಗುತ್ತೆ, ವಿಜ್ಞಾನದ ಹುಚ್ಚು ಹಿಡಿಸೋಕೆ ಅದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

‘ಹಂಗರ್ ಗೇಮ್ಸ್’ ಯಾಕೆ ಹೇಳಲಿಲ್ಲ ಅಂತ ಮಕ್ಕಳೇ ಕೇಳ್ತಾರೆ. ಚೆನ್ನಾಗಿದೆ, ಓದ್ಲಿ, 2008ರ ಆ ಪುಸ್ತಕದಲ್ಲಿ ದುಷ್ಟರು ಯಾರು ಅಂತ ಮೊದಲಿಂದಾನೇ ಗೊತ್ತಿರುತ್ತೆ. ‘ದಿ ಗಿವರ್’ನಲ್ಲಿ ಎಲ್ಲರೂ ಒಳ್ಳೆಯವರು, ಜೋನಸ್‌ನ ಅಪ್ಪ ಅಂತೂ ಕೂಸುಗಳನ್ನ ಎತ್ತಿ ಆಡಿಸೋ ಮೃದು ಮನುಷ್ಯ, ಹಾಗಿದ್ದೂ ಅಲ್ಲಿ ಆಗಬಾರದ್ದು ಆಗುತ್ತೆ. ಅದಕ್ಕೇ ಇದು ಮೊದಲು.

ಮುಗಿಸಿದ ಮಗು ಓಡಿ ಬಂದು ಕೊನೇಲಿ ಏನಾಯ್ತು, ಬದುಕಿದ್ನಾ ಸತ್ನಾ ಅಂತ ಕೇಳುತ್ತೆ, ಲೌರಿ ಅದನ್ನ ಬಿಡಿಸಿ ಹೇಳಿಲ್ಲ. ಇದೇ ಸರಣಿಯಲ್ಲಿ ಇನ್ನೂ ಮೂರು ಪುಸ್ತಕ ಇವೆ, ಕೊನೇದು 2012ರ ‘ಸನ್’, ಅವುಗಳಲ್ಲಿ ಉತ್ತರ ಇದೆ. ನಾಲ್ಕೂ ಒಟ್ಟಿಗೆ ತರಿಸಬೇಡಿ. ಮೊದಲನೇದು ಮಾತ್ರ ತರಿಸಿ, ಸ್ವಲ್ಪ ದಿನ ಮಗು ತಾನೇ ಜಗಳ ಆಡ್ಲಿ, ಗೆಳೆಯರಿಗೂ ಓದಿಸಿ ಅವರ ಜೊತೆನೂ ಆಡ್ಲಿ, ಉಳಿದವನ್ನ ಅದೇ ಬಂದು ಕೇಳಿದಾಗ ಕೊಡಿ.