\ಡಿಎಫ್ ಪಟ್ಟಿಯಲ್ಲಿ ನಿಮ್ಮ ಫಂಕ್ಷನ್ ಎಲ್ಲಿ?

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕಮಾಂಡ್ ಸಾಧನವಾದ ಪಿಎಸ್‌ಕ್ಯೂಎಲ್‌ನಲ್ಲಿ, ಫಂಕ್ಷನ್ ಪಟ್ಟಿ ತೋರಿಸುವ \ಡಿಎಫ್ ಹೊಡೆದರೆ ನೀವು ಬರೆದ ಹತ್ತು ಫಂಕ್ಷನ್ ಕಾಣಬೇಕು. ಡೇಟಾಬೇಸಿನಲ್ಲಿ ಪೋಸ್ಟ್‌ಜಿಐಎಸ್ (ನಕ್ಷೆಯ ದತ್ತಾಂಶಕ್ಕಾಗಿ ಹಾಕಿಕೊಳ್ಳುವ ಎಕ್ಸ್‌ಟೆನ್ಶನ್, ಅಂದರೆ ಹೆಚ್ಚುವರಿ ಕಟ್ಟು) ಇದ್ದರೆ ಎಸ್‌ಟಿ_ ಎಂದು ಶುರುವಾಗುವ ನೂರಾರು ಸಾಲು ಸುರಿಯುತ್ತವೆ. ನಿಮ್ಮವು ಅದರ ನಡುವೆ ಎಲ್ಲೋ. (ಕಮಾಂಡುಗಳನ್ನು ಇಲ್ಲಿ ಓದುವಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ.)

ಹೆಸರಿನ ಪ್ಯಾಟರ್ನ್ ಕೊಡದಿದ್ದಾಗ ಪಿಎಸ್‌ಕ್ಯೂಎಲ್ ಮರೆಮಾಡುವುದು ಪಿಜಿ_ಕ್ಯಾಟಲಾಗ್, ಇನ್ಫರ್ಮೇಶನ್_ಸ್ಕೀಮಾ ಎಂಬ ಎರಡು ಸಿಸ್ಟಮ್ ಸ್ಕೀಮಾಗಳನ್ನಷ್ಟೇ (ಸ್ಕೀಮಾ ಎಂದರೆ ಡೇಟಾಬೇಸಿನೊಳಗೆ ಹೆಸರುಗಳನ್ನಿಡುವ ಕೋಣೆ). ಉಳಿದಂತೆ ಸರ್ಚ್_ಪಾತ್‌ಗೆ (ಹೆಸರು ಹುಡುಕಬೇಕಾದ ಸ್ಕೀಮಾಗಳ ಪಟ್ಟಿ) ಕಾಣುವುದೆಲ್ಲ ಪಟ್ಟಿಗೆ ಬರುತ್ತದೆ. ಸ್ಕೀಮಾ ಹೇಳದೆ ಹಾಕಿದ ಎಕ್ಸ್‌ಟೆನ್ಶನ್ ಸಾಮಾನ್ಯವಾಗಿ ಪಬ್ಲಿಕ್ ಎಂಬ ಸ್ಕೀಮಾಕ್ಕೇ ಹೋಗಿ ಕೂರುತ್ತದೆ. ಅದರ ಫಂಕ್ಷನ್ನಿಗೂ ನಿಮ್ಮದಕ್ಕೂ \ಡಿಎಫ್ ಭೇದ ಮಾಡುವುದಿಲ್ಲ. ಎಕ್ಸ್‌ಟೆನ್ಶನ್ ಬಿಟ್ಟು ತೋರಿಸು ಎನ್ನಲು ಕಮಾಂಡಿನ ಕೊನೆಗೆ ಅಂಟಿಸುವ ಆಯ್ಕೆಯ ಅಕ್ಷರವೇ ಅದರಲ್ಲಿಲ್ಲ.

ಇರುವ ಅಕ್ಷರಗಳಲ್ಲಿ ಉಪಯೋಗಕ್ಕೆ ಬರುವುದು \ಡಿಎಫ್‌ಎನ್: ಟ್ರಿಗರ್, ಅಗ್ರಿಗೇಟ್, ವಿಂಡೋ, ಪ್ರೊಸೀಜರ್ ಬಿಟ್ಟು ಮಾಮೂಲಿ ಫಂಕ್ಷನ್ ಮಾತ್ರ. ಟ್ರಿಗರ್ ಮಾತ್ರ ಬೇಕಿದ್ದರೆ \ಡಿಎಫ್‌ಟಿ.

ಪ್ಯಾಟರ್ನ್‌ನಲ್ಲಿ ಎಡವುವ ಒಂದು ಜಾಗ ಇದೆ. \ಡಿಎಫ್ *ಡೇಟ್* ಎಂದು ಕೊಟ್ಟ ಕೂಡಲೇ ಸಿಸ್ಟಮ್ ಫಂಕ್ಷನ್ನುಗಳೂ ಒಳಗೆ ಬರುತ್ತವೆ, ಏಕೆಂದರೆ ಪ್ಯಾಟರ್ನ್ ಇದ್ದರೆ ಆ ಮರೆ ತೆರೆಯುತ್ತದೆ. ಹಾಗಾಗಿ ಸ್ಕೀಮಾ ಸೇರಿಸಿ: \ಡಿಎಫ್ ಪಬ್ಲಿಕ್.*ಡೇಟ್*. ಪ್ಯಾಟರ್ನ್ ರೆಜೆಕ್ಸ್ (ಪಠ್ಯ ಹುಡುಕುವ ಸೂತ್ರ) ಆಗಿಯೇ ಓಡುತ್ತದೆ, ಆದರೆ ಪ್ರಶ್ನಾರ್ಥಕ ಚಿಹ್ನೆ 'ಯಾವುದಾದರೂ ಒಂದು ಅಕ್ಷರ' ಎಂದಾಗುವುದರಿಂದ ‘ಎಸ್‌ಟಿ_ ಇಲ್ಲದವು’ ಎಂದು ಲುಕ್‌ಅಹೆಡ್ (ಆ ಚಿಹ್ನೆಯಿಂದ ಬರೆಯುವ, ಮುಂದೇನಿದೆ ಎಂದು ನೋಡುವ ಷರತ್ತು) ಬರೆಯಲು ಬರುವುದಿಲ್ಲ. ಪಬ್ಲಿಕ್.[^_ಎಸ್]* (ಅಂಡರ್‌ಸ್ಕೋರ್ ಅಥವಾ ಎಸ್‌ನಿಂದ ಶುರುವಾಗದವು) ಎಂದರೆ ಎಸ್ ಅಕ್ಷರದಿಂದ ಶುರುವಾಗುವ ನಿಮ್ಮ ಫಂಕ್ಷನ್ನುಗಳೂ ಹೋದವು. 14ನೇ ಆವೃತ್ತಿಯಿಂದ ಹೆಸರಿನ ನಂತರ ಆರ್ಗ್ಯುಮೆಂಟ್ ಟೈಪ್ ಕೊಡಬಹುದು. ಒಂದೇ ಹೆಸರಿನ ಐದಾರು ರೂಪಗಳಿದ್ದಾಗ ಇದು ದೊಡ್ಡ ಅನುಕೂಲ.

ನಿಜವಾದ ಪರಿಹಾರ ಸ್ಕೀಮಾ ಬೇರ್ಪಡಿಸುವುದು. ಪಿಜಿ_ಟಿಆರ್‌ಜಿಎಮ್‌ನಂಥ (ಹೋಲುವ ಪಠ್ಯ ಹುಡುಕುವ) ಎಕ್ಸ್‌ಟೆನ್ಶನ್ನನ್ನು ಆಲ್ಟರ್ ಎಕ್ಸ್‌ಟೆನ್ಶನ್ … ಸೆಟ್ ಸ್ಕೀಮಾ ಮೂಲಕ ಆಚೆ ಸಾಗಿಸಬಹುದು. ವ್ಯೂ, ಇಂಡೆಕ್ಸ್‌ಗಳು ಹೆಸರಿನ ಬದಲು ಒಐಡಿ (ಒಳಗಿನ ಗುರುತು ಸಂಖ್ಯೆ) ಹಿಡಿದಿರುವುದರಿಂದ ಕೆಡುವುದಿಲ್ಲ. ಕೆಡುವುದು ಪಿಎಲ್‌ಪಿಜಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನದೇ ಪ್ರೋಗ್ರಾಮಿಂಗ್ ಭಾಷೆ) ಫಂಕ್ಷನ್ನುಗಳು: ಒಳಗಿನ ಹೆಸರುಗಳನ್ನು ಅವು ಓಡುವಾಗ ಹುಡುಕುತ್ತವೆ. ಪಿಜಿ_ಟಿಆರ್‌ಜಿಎಮ್‌ನ ಶೇಕಡಾ ಚಿಹ್ನೆಯ ಆಪರೇಟರ್ ಕೂಡ ಸರ್ಚ್_ಪಾತ್‌ನಲ್ಲಿ ಇಲ್ಲದಿದ್ದರೆ ಸಿಗುವುದಿಲ್ಲ. ಹೊಸ ಸ್ಕೀಮಾಕ್ಕೆ ಯೂಸೇಜ್ ಗ್ರಾಂಟ್ (ಬಳಕೆಯ ಅನುಮತಿ) ಕೊಟ್ಟು, ಆಲ್ಟರ್ ಡೇಟಾಬೇಸ್‌ನಿಂದ ಸರ್ಚ್_ಪಾತ್‌ಗೆ ಸೇರಿಸಬೇಕು. ಈಗಾಗಲೇ ತೆರೆದಿರುವ ಸೆಶನ್‌ಗಳಿಗೆ ಇದು ತಾಗುವುದಿಲ್ಲ. ತಮಾಷೆಯೆಂದರೆ, ಪಾತ್‌ಗೆ ಸೇರಿಸಿದ ಮೇಲೆ ಬರಿಯ \ಡಿಎಫ್ ಮತ್ತೆ ಅದೇ ಕಸವನ್ನು ತೋರಿಸುತ್ತದೆ. \ಡಿಎಫ್ ಪಬ್ಲಿಕ್.* ಎಂದೇ ಕೇಳಬೇಕು.

ಪೋಸ್ಟ್‌ಜಿಐಎಸ್ ಅಂತೂ 2.3ರಿಂದ ಸ್ಕೀಮಾ ಬದಲಿಸಲು ಒಪ್ಪುವುದಿಲ್ಲ. ಅದನ್ನು ಅಲ್ಲೇ ಬಿಟ್ಟು ನಿಮ್ಮ ಫಂಕ್ಷನ್ನುಗಳನ್ನೇ ಆ್ಯಪ್ ಎಂಬ ಸ್ಕೀಮಾಕ್ಕೆ ಒಯ್ಯಿರಿ. ಹೊಸ ಪ್ರಾಜೆಕ್ಟ್ ಆದರೆ ಮೊದಲ ದಿನವೇ ಹೀಗೆ ಮಾಡುವುದು ವಾಸಿ.

ಏನನ್ನೂ ಅಲುಗಿಸುವಂತಿಲ್ಲ ಎಂದಾದರೆ ನಿಮ್ಮದೇ ಕ್ವೆರಿ ಬರೆಯಿರಿ. ಫಂಕ್ಷನ್ನುಗಳ ಕ್ಯಾಟಲಾಗ್ (ಪೋಸ್ಟ್‌ಗ್ರೆಸ್‌ನ ಒಳಗಿನ ಟೇಬಲ್) ಆದ ಪಿಜಿ_ಪ್ರಾಕ್‌ನಿಂದ ಎರಡು ಸಿಸ್ಟಮ್ ಸ್ಕೀಮಾ ಬಿಟ್ಟು, ಯಾವುದು ಯಾವುದಕ್ಕೆ ಅಂಟಿದೆ ಎಂದು ಬರೆದಿಡುವ ಪಿಜಿ_ಡಿಪೆಂಡ್‌ನಲ್ಲಿ ಡೆಪ್‌ಟೈಪ್ 'ಇ' ಇರುವ ಸಾಲು ಹೊಂದಿದವನ್ನು ನಾಟ್ ಎಕ್ಸಿಸ್ಟ್ಸ್‌ನಿಂದ ತೆಗೆಯಿರಿ; 'ಇ' ಎಂದರೆ ಎಕ್ಸ್‌ಟೆನ್ಶನ್ನಿಗೆ ಸೇರಿದ್ದು. ಆಬ್ಜೆಕ್ಟ್ ಐಡಿ ಒಂದನ್ನೇ ಹೋಲಿಸಿದರೆ ಸಾಲದು, ಕ್ಲಾಸ್‌ಐಡಿ ಪಿಜಿ_ಪ್ರಾಕ್ ಎಂಬ ಷರತ್ತೂ ಬೇಕು: ಒಐಡಿ ಒಂದು ಕ್ಯಾಟಲಾಗ್ ಒಳಗಷ್ಟೇ ಅನನ್ಯ, ಬೇರೆ ಕ್ಯಾಟಲಾಗ್‌ನ ಅದೇ ಸಂಖ್ಯೆ ನಿಮ್ಮ ಫಂಕ್ಷನ್ನನ್ನು ಮಾಯ ಮಾಡೀತು. ಒಐಡಿಯನ್ನು ರೆಗ್‌ಪ್ರೊಸೀಜರ್‌ಗೆ ಕಾಸ್ಟ್ ಮಾಡಿದರೆ ಹೆಸರು, ಆರ್ಗ್ಯುಮೆಂಟ್ ಎರಡೂ ಸಿಗುತ್ತವೆ. ಈ ಕ್ವೆರಿಯನ್ನು, ಪಿಎಸ್‌ಕ್ಯೂಎಲ್ ಶುರುವಾಗುವಾಗ ಓದುವ .ಪಿಎಸ್‌ಕ್ಯೂಎಲ್‌ಆರ್‌ಸಿ ಫೈಲಿನಲ್ಲಿ \ಸೆಟ್‌ನಿಂದ ಒಂದು ವೇರಿಯಬಲ್‌ಗೆ ಹಾಕಿ, ಆ ಹೆಸರಿನ ಮೊದಲಿಗೆ ಕೋಲನ್ ಸೇರಿಸಿ ಕರೆಯಿರಿ. ಇಡೀ ಕ್ವೆರಿ ಒಂದೇ ಸಾಲಿನಲ್ಲಿರಬೇಕು, ಒಳಗಿನ ಸಿಂಗಲ್ ಕೋಟ್‌ಗಳನ್ನು ಎರಡೆರಡು ಬಾರಿ ಬರೆಯಬೇಕು.

\ಡಿಎಫ್+ ಇನ್ನೊಂದು ತಲೆನೋವು. 16ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಅದು ಫಂಕ್ಷನ್ನಿನ ಇಡೀ ಸೋರ್ಸ್ ಕೋಡನ್ನೇ ಕಾಲಮ್ಮಿಗೆ ತುರುಕುತ್ತಿತ್ತು; 16ರಲ್ಲಿ ಅದನ್ನು ತೆಗೆದರು. ಸೋರ್ಸ್ ಬೇಕಾದಾಗ \ಎಸ್‌ಎಫ್ ಮತ್ತು ಫಂಕ್ಷನ್ ಹೆಸರು ಕೊಟ್ಟರಾಯಿತು. ಉಳಿದ ಅಗಲಕ್ಕೆ ಪೇಜರ್ (ಉದ್ದದ ಫಲಿತಾಂಶವನ್ನು ಪುಟಪುಟವಾಗಿ ತೋರಿಸುವ ಪ್ರೋಗ್ರಾಂ) ಆಗಿ ಲೆಸ್ ಇಟ್ಟು, ದೊಡ್ಡಕ್ಷರದ -ಎಸ್ ಆಯ್ಕೆ ಕೊಡಿ. ಸಾಲು ಮಡಚಿಕೊಳ್ಳುವುದಿಲ್ಲ, ಬಾಣದ ಕೀಲಿಯಿಂದ ಪಕ್ಕಕ್ಕೆ ಸರಿಯಬಹುದು.